ಆಯಿ ಕಂಡ ಓಡೋ ನಕ್ಷತ್ರ

ಹೊನ್ನಾವರದ ನಮ್ಮನೆ ಅಂಗಳದಲ್ಲಿ ನಿಂತು ಸ್ಪುಟ್ನಿಕ್ ನೋಡಿದ್ದೆ ಅಂತ ಆಯಿ ಹೇಳಿದಾಗೆಲ್ಲ ಮನೆಯಲ್ಲಿ ನಗು, ನಿಮಗೆಲ್ಲ ಗೊತ್ತಿದ್ದದ್ದೇ. "ಯಂಗೆ ಮರುಳಲ್ಲ, ನಿನ್ನಕ್ಕನ್ನ ಸೊಂಟದ ಮೇಲೆ ಇಟ್ಕಂಡೇ ನೋಡಿದ್ದು" ಹೇಳ್ತಿತ್ತು.

ಆ ಸೊಂಟದ ಮಾತೇ ನನಗೆ ಸಿಕ್ಕ ಸುಳಿವು. ಅಕ್ಕ ಹುಟ್ಟಿದ್ದು 1961ರಲ್ಲಿ. 1957ರ ಅಕ್ಟೋಬರ್ 4ರಂದು ರಷ್ಯಾದವರು ಹಾರಿಸಿದ ಸ್ಪುಟ್ನಿಕ್ 1958ರ ಜನವರಿಯಲ್ಲೇ ಸುಟ್ಟುಹೋಗಿತ್ತು. ಅದು ಬರೀ 58 ಸೆಂಟಿಮೀಟರಿನ ಗುಂಡು. ಜನ ಬರಿಗಣ್ಣಲ್ಲಿ ಕಂಡದ್ದು ಹೆಚ್ಚಾಗಿ ಜೊತೆಗೇ ಸುತ್ತುತ್ತಿದ್ದ ದೊಡ್ಡ ರಾಕೆಟ್ಟನ್ನ.

ಹಾಂಗಾದ್ರೆ ಆಯಿ ಕಂಡದ್ದೆಂತದು? ಎಕೋ ಬಲೂನೇ ಇರಬೇಕು. 1960ರ ಆಗಸ್ಟ್ 12ರಂದು ಅಮೆರಿಕದವರು ಹಾರಿಸಿದ್ದು. 30 ಮೀಟರ್ ಅಗಲ, ತೆಳು ಪ್ಲಾಸ್ಟಿಕ್ಕಿಗೆ ಅಲ್ಯುಮಿನಿಯಂ ಲೇಪ. ನಮಗೆ ಕತ್ತಲಾದರೂ ಅಷ್ಟೆತ್ತರದಲ್ಲಿ ಬಿಸಿಲಿರ್ತದಲ್ಲ, ಅದಕ್ಕೇ ಹೊಳೀತಿತ್ತು. 1968ರವರೆಗೂ ಸುತ್ತಿದೆ. ಆಯಿ ಹೇಳೋದೂ ಹಾಂಗೇ: ಮಿಣುಕದೆ, ಸದ್ದಿಲ್ಲದೆ ಹೋಗಿ ನಡು ಆಕಾಶದಲ್ಲೇ ಮಾಯ ಆತು ಅಂತ. ಭೂಮಿಯ ನೆರಳಿಗೆ ಹೊಕ್ಕರೆ ಉಪಗ್ರಹ ಹಾಂಗೇ ಆರಿಹೋಗ್ತದೆ. ಕಾಣದ್ದನ್ನ ಕಂಡೆ ಅನ್ನುವವರಿಗೆ ಇದು ಹೊಳೆಯುವ ಮಾತಲ್ಲ.

ಮೊನ್ನೆ ಬಾಹ್ಯಾಕಾಶ ನಿಲ್ದಾಣ ದಾಟೋ ಹೊತ್ತು ನೋಡ್ಕಂಡು ಆಯಿಯನ್ನ ಅಂಗಳಕ್ಕೆ ಕರೆದೆ. ತೆಂಗಿನ ತಲೆ ಮೇಲಿಂದ ಬಂತು. ಆರುವವರೆಗೂ ಆಯಿ ಮಾತಾಡಲಿಲ್ಲ.

"ಅಕ್ಕಂಗೆ ಫೋನ್ ಮಾಡು," ಅಂತು ಆಮೇಲೆ. "ಅದೂ ನೋಡಿದ್ದು."