ಬಳ್ಳಾರಿಯ ಬಾಣಂತಿಯರ ಸಾವು: ‘ಪಾಸಾದ’ ಮಾದರಿಗೆ ಎಷ್ಟು ತೂಕ?

2024ರ ನವೆಂಬರ್ 9ರಿಂದ 11ರವರೆಗೆ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ 34 ಸಿಸೇರಿಯನ್‌ಗಳಾದವು. ಏಳು ಬಾಣಂತಿಯರ ಸ್ಥಿತಿ ಬಿಗಡಾಯಿಸಿತು, ಐವರು ಉಳಿಯಲಿಲ್ಲ. ಈ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಒಂದೇ ಪ್ರಶ್ನೆಗೆ ಅಂಟಿಕೊಂಡಿದ್ದಾರೆ: ಬಾಣಂತಿಯರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ವಿಷಯದಲ್ಲಿ ರಾಜ್ಯದ ಪ್ರಯೋಗಾಲಯ ಸರಿಯೋ, ಕೋಲ್ಕತ್ತದ ಕೇಂದ್ರೀಯ ಔಷಧ ಪ್ರಯೋಗಾಲಯ ಸರಿಯೋ? ಈ ಸಾವುಗಳಿಗೆ ಮೊದಲೇ, ರಾಜ್ಯ ಕಳಪೆ ಎಂದದ್ದನ್ನು ತಯಾರಕ ಕಂಪನಿ ಪ್ರಶ್ನಿಸಿತ್ತು. ಕೋಲ್ಕತ್ತ ತನಗೆ ಬಂದ ಮಾದರಿಗಳನ್ನು ಪಾಸು ಮಾಡಿತು. ತಡೆಹಿಡಿದಿದ್ದ ದ್ರಾವಣ ಮತ್ತೆ ವಾರ್ಡಿಗೆ ಬಂತು. ‘ಕೇಂದ್ರವೇ ಒಪ್ಪಿದ ಮೇಲೆ ರಾಜ್ಯ ಏನು ಮಾಡಬೇಕಿತ್ತು’ ಎಂಬ ಸಮರ್ಥನೆ ಹುಟ್ಟಿದ್ದು ಇಲ್ಲಿ. ಸಾವಿಗೆ ದ್ರಾವಣವೇ ಕಾರಣವೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಈ ಸಮರ್ಥನೆ ನಿಲ್ಲುವುದಿಲ್ಲ ಎಂಬುದಷ್ಟೇ ನನ್ನ ವಾದ.

ಆ ಸಮರ್ಥನೆಯ ಆಧಾರ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯ 25ನೇ ಕಲಂ. ಕೇಂದ್ರೀಯ ಪ್ರಯೋಗಾಲಯದ ವರದಿಯೇ ಅಂತಿಮ ಸಾಕ್ಷ್ಯ, ನಿಜ. ಆದರೆ ಆ ವರದಿ ಹೇಳಿದ ಸಂಗತಿಗಳಿಗೆ ಮಾತ್ರ. ಅದು ಹೇಳುವುದು ತನ್ನ ಮುಂದಿದ್ದ ಮಾದರಿಯ ಬಗ್ಗೆ. ಲೆಕ್ಕ ನೋಡಿ. ನೂರಕ್ಕೊಂದು ಬಾಟಲಿ ಕಲುಷಿತವಾಗಿರುವ ದೊಡ್ಡ ಬ್ಯಾಚಿನಿಂದ 20 ಬಾಟಲಿ ತೆಗೆದರೆ, ಇಪ್ಪತ್ತೂ ಶುದ್ಧವಾಗಿ ಕಾಣುವ ಸಂಭವ ಶೇ 82ರಷ್ಟು! ಹೀಗಿರುವಾಗ ಎರಡು ಪ್ರಯೋಗಾಲಯಗಳು ಬೇರೆ ಬೇರೆ ಮಾತು ಹೇಳಿದರೆ ಎರಡೂ ಪ್ರಾಮಾಣಿಕವಾಗಿರಬಹುದು. ‘ಕಳಪೆ’ ಎಂಬ ಒಂದು ವರದಿ ಎಚ್ಚರಿಕೆ ಕೊಡುತ್ತದೆ; ‘ಪಾಸು’ ಎಂಬ ಇನ್ನೊಂದು ಅದನ್ನು ಅಳಿಸಲಾರದು. 1972ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟ್ ಆಸ್ಪತ್ರೆಯಲ್ಲಿ ಕಲುಷಿತ ಡೆಕ್ಸ್‌ಟ್ರೋಸ್ ಜೀವ ತೆಗೆದಾಗಲೂ ಹೀಗೇ ಆಗಿತ್ತು: ಆಟೋಕ್ಲೇವ್‌ನ ಕೆಳಭಾಗದಲ್ಲಿದ್ದ ಬಾಟಲಿಗಳಿಗೆ ಸಾಕಷ್ಟು ಶಾಖ ತಾಗಿರಲಿಲ್ಲ, ಪರೀಕ್ಷೆಗೆ ಹೋದ ಮಾದರಿ ಮಾತ್ರ ಪಾಸಾಗಿತ್ತು. ಅದರ ತನಿಖೆ ನಡೆಸಿದ ಕ್ಲೋಥಿಯರ್ ಸಮಿತಿಯ ವರದಿ ಬಂದು ಅರ್ಧ ಶತಮಾನ ಕಳೆದರೂ ನಮ್ಮ ವಿಶ್ಲೇಷಕರು ಅದನ್ನು ತೆರೆದು ನೋಡಿದಂತಿಲ್ಲ.

ಹೆಚ್ಚಿನವರು ಕಡೆಗಣಿಸಿದ ಆಕರ ಬೇರೊಂದಿದೆ: ವಾರ್ಡಿನ ಕೇಸ್ ಶೀಟು, ಸ್ಟಾಫ್ ನರ್ಸ್ ಬರೆದಿಟ್ಟ ಮೂತ್ರದ ಪ್ರಮಾಣ, ರಕ್ತದೊತ್ತಡ, ಹಾಕಿದ ಬಾಟಲಿ. ಔಷಧ ನಿಯಂತ್ರಕರ ಅಮಾನತು, ಪರಿಹಾರದ ಘೋಷಣೆ ಎಲ್ಲವೂ ಸಾವಿನ ನಂತರದವು. ತಾಯಂದಿರ ಮರಣ ಪರಿಶೀಲನೆಯೂ ಮರಣವಾದ ಮೇಲೆಯೇ ಶುರುವಾಗುತ್ತದೆ. ಬಿಗಡಾಯಿಸಿಯೂ ಬದುಕಿದ ಆ ಇಬ್ಬರ ದಾಖಲೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ 2010ರಲ್ಲಿ ಆರಂಭವಾದ ಭಾರತದ ಔಷಧ ಜಾಗೃತಿ ಕಾರ್ಯಕ್ರಮದ ಅಡ್ಡಪರಿಣಾಮ ವರದಿ ನಮೂನೆಗೆ ಸಾವು ಬೇಕಿಲ್ಲ, ಕಾರಣ ಸಾಬೀತಾಗಬೇಕಿಲ್ಲ, ಸಂಶಯ ಸಾಕು. ಬ್ಯಾಚ್ ಸಂಖ್ಯೆಗೆ ಅದರಲ್ಲಿ ಪ್ರತ್ಯೇಕ ಜಾಗವಿದೆ. ವರದಿ ಮಾಡಿದ ಮಾತ್ರಕ್ಕೆ ತಪ್ಪೊಪ್ಪಿಕೊಂಡಂತಲ್ಲ ಎಂದೂ ಅದೇ ಹೇಳುತ್ತದೆ.

ಆದ್ದರಿಂದ ಉತ್ತರದಾಯಿತ್ವದ ಮೊದಲ ಪ್ರಶ್ನೆಯನ್ನು ಕೋಲ್ಕತ್ತಕ್ಕಲ್ಲ, ವಾರ್ಡಿಗೆ ಕೇಳಬೇಕು: ಮೊದಲ ಬಾಣಂತಿಯ ಮೂತ್ರ ನಿಂತಾಗ ಬಾಟಲಿಯ ಬ್ಯಾಚ್ ಸಂಖ್ಯೆಯನ್ನು ಯಾರು ಬರೆದುಕೊಂಡರು, ಅದು ಯಾರ ಮೇಜಿಗೆ ಹೋಯಿತು, ಎರಡನೆಯವರಿಗೆ ಅದೇ ಬ್ಯಾಚು ಏರುವ ಮೊದಲು ತಡೆಯುವ ಅಧಿಕಾರ ಆ ನರ್ಸ್‌ಗೆ ಇತ್ತೇ?