ತಲೆಯ ತೀರ್ಪು, ಮೈಯ ಪ್ರಶ್ನೆ

ಒಬ್ಬ ಹೆಣ್ಣುಮಗಳು. ಅವಳ ಗಂಡ ದೇವಿಯ ಗುಡಿಯೊಳಗೆ ಹೋಗಿ ತನ್ನ ತಲೆಯನ್ನು ತಾನೇ ಕಡಿದುಕೊಳ್ಳುತ್ತಾನೆ. ಅವನನ್ನು ಹುಡುಕಿಕೊಂಡು ಹೋದ ಅವಳ ಸೋದರನೂ ಹಾಗೇ ಮಾಡುತ್ತಾನೆ. ಅವಳೂ ಸಾಯಲು ಹೊರಟಾಗ ದೇವಿ ತಡೆದು, ತಲೆಗಳನ್ನು ಮುಂಡಗಳಿಗೆ ಜೋಡಿಸು, ಬದುಕುತ್ತಾರೆ ಅನ್ನುತ್ತಾಳೆ. ಗಾಬರಿಯಲ್ಲಿ ಒಬ್ಬನ ತಲೆ ಇನ್ನೊಬ್ಬನ ಮೈಗೆ ಸೇರಿಬಿಡುತ್ತದೆ. ಇಬ್ಬರೂ ಎದ್ದು ನಿಲ್ಲುತ್ತಾರೆ. ಈಗ ನೀವೇ ಹೇಳಿ, ಗಂಡ ಯಾರು?

ಕಾಶ್ಮೀರದ ಸೋಮದೇವ ಸುಮಾರು 1070ರಲ್ಲಿ ರಾಣಿ ಸೂರ್ಯಮತಿಗಾಗಿ ಬರೆದ 'ಕಥಾಸರಿತ್ಸಾಗರ'ದಲ್ಲಿ ಬೇತಾಳ ರಾಜನಿಗೆ ಕೇಳುವ ಪ್ರಶ್ನೆ ಇದು. ರಾಜ ತಡಮಾಡುವುದಿಲ್ಲ. ಅಂಗಗಳಲ್ಲೆಲ್ಲ ತಲೆಯೇ ಶ್ರೇಷ್ಠ, ಗಂಡನ ತಲೆ ಯಾರ ಮೇಲಿದೆಯೋ ಅವನೇ ಗಂಡ ಅನ್ನುತ್ತಾನೆ. ಕೇಸು ಮುಗಿಯಿತು, ಬೇತಾಳ ಮತ್ತೆ ಮರಕ್ಕೆ ಹಾರಿತು.

ಕಥೆ ಮಾತ್ರ ಅಲ್ಲಿ ನಿಲ್ಲಲಿಲ್ಲ. 1805ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಮಝ್‌ಹರ್ ಅಲಿ ಖಾನ್ ವಿಲಾ ಮತ್ತು ಲಲ್ಲೂಲಾಲ್ ಇಬ್ಬರೂ ಸೇರಿ ಈ ಕಥೆಗಳನ್ನು ಬ್ರಜ್ ಭಾಷೆಯಿಂದ ಹಿಂದೂಸ್ತಾನಿಗೆ ತಂದರು. ಅದೇ 'ಬೈತಾಲ್ ಪಚೀಸಿ'. ಈ ಪುಸ್ತಕವನ್ನು ಹಿಂದಿಯವರೂ ತಮ್ಮದು ಅಂತಾರೆ, ಉರ್ದುವಿನವರೂ ತಮ್ಮದು ಅಂತಾರೆ. ಒಂದೇ ಮೈಗೆ ಎರಡು ತಲೆ ಅನ್ನಿ! 1940ರಲ್ಲಿ ಜರ್ಮನ್ ಲೇಖಕ ಥಾಮಸ್ ಮಾನ್ ಇದನ್ನೇ ಹಿಡಿದು ಒಂದು ಕಿರುಕಾದಂಬರಿ ಬರೆದ. ಅವನಲ್ಲಿ ಸೋದರನ ಜಾಗಕ್ಕೆ ಗೆಳೆಯ ಬಂದ, ಕಥೆಗೆ ಹೊಸ ಉರಿ ಹತ್ತಿತು.

ಇನ್ನು ನಮ್ಮ ಕಥೆಗೆ ಬರೋಣ. ಗಿರೀಶ್ ಕಾರ್ನಾಡರು ಆಕ್ಸ್‌ಫರ್ಡಿನಲ್ಲಿ ಓದು ಮುಗಿಸಿ 1963ರಲ್ಲಿ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಸೇರಿದರು. 1970ರವರೆಗೆ ಅಲ್ಲೇ ಕೆಲಸ. ನಮ್ಮ ಮಕ್ಕಳಿಗೆ ಗೊತ್ತಿರುವ 'ತುಘಲಕ್' ಪ್ರಕಟವಾದದ್ದು ಈ ಅವಧಿಯಲ್ಲೇ. ಕನ್ನಡ ನಾಟಕಕಾರ ತಮಿಳು ನಗರದಲ್ಲಿ ಇಂಗ್ಲಿಷ್ ಪುಸ್ತಕಗಳ ಕೆಲಸ ಮಾಡುತ್ತಿದ್ದ. ಮನೆಯಲ್ಲಿ ಉರ್ದು, ತರಗತಿಯಲ್ಲಿ ಕನ್ನಡ ಆಡುವ ನನ್ನಂಥವರಿಗೆ ಈ ಸ್ಥಿತಿ ವಿಚಿತ್ರವೇನಲ್ಲ. ತಲೆ ಬದಲಾದ ಕಥೆಯನ್ನು ಅವರು ಮೊದಲು ಬಿ.ವಿ. ಕಾರಂತರಿಗೆ ಸಿನಿಮಾಕ್ಕಾಗಿ ಹೇಳಿದರಂತೆ. ಇದು ನಾಟಕ ಆಗಬೇಕು ಅಂದವರು ಕಾರಂತರು. 1971ರಲ್ಲಿ 'ಹಯವದನ' ಅಚ್ಚಾಯಿತು. ಇಂಗ್ಲಿಷಿನಲ್ಲಿ ಮದ್ರಾಸ್ ಪ್ಲೇಯರ್ಸ್ ತಂಡ ಅದನ್ನು 1972ರ ಡಿಸೆಂಬರ್ 7ರಂದು ಎಗ್ಮೋರಿನ ಮ್ಯೂಸಿಯಂ ಥಿಯೇಟರಿನಲ್ಲಿ ಆಡಿತು.

ಕಾರ್ನಾಡರ ದೇವದತ್ತ ಬ್ರಾಹ್ಮಣರ ಮನೆಯ ಕವಿ, ಕಪಿಲ ಕಮ್ಮಾರನ ಮಗ. ಪದ್ಮಿನಿ ದೇವದತ್ತನ ಹೆಂಡತಿ. ತಲೆಗಳು ಅದಲುಬದಲಾದ ಮೇಲೆ ಇಲ್ಲೂ ಒಬ್ಬ ಋಷಿ ಹಳೆಯ ತೀರ್ಪನ್ನೇ ಕೊಡುತ್ತಾನೆ, ತಲೆಯೇ ಮುಖ್ಯ ಅಂತ. ಕಮ್ಮಾರನ ಗಟ್ಟಿ ಮೈ ಪಡೆದ ದೇವದತ್ತ ಪದ್ಮಿನಿಯ ಜೊತೆ ಊರಿಗೆ ಹೋಗುತ್ತಾನೆ. ಪುಸ್ತಕ ಹಿಡಿದು ಕೂತ ಆ ಮೈ ಸ್ವಲ್ಪ ಕಾಲಕ್ಕೆ ಮೆತ್ತಗಾಗುತ್ತದೆ. ಕಾಡಿಗೆ ಹೋದ ಕಪಿಲ ತನಗೆ ಸಿಕ್ಕ ಮೆತ್ತನೆಯ ಮೈಯನ್ನು ದುಡಿಸಿ ದುಡಿಸಿ ಗಟ್ಟಿ ಮಾಡುತ್ತಾನೆ. ಅಂದರೆ ತಲೆ ಗೆದ್ದಿತು. ಥಾಮಸ್ ಮಾನನೂ ಹೆಚ್ಚುಕಡಿಮೆ ಹೀಗೇ ಹೇಳಿದ್ದ.

ಆದರೆ ಕಪಿಲನಿಗೆ ಒಂದು ಕಷ್ಟ ಉಳಿದುಬಿಡುತ್ತದೆ. ಮೈಯನ್ನು ತಿದ್ದಿದ, ಅದರ ನೆನಪನ್ನು ತಿದ್ದಲಾಗಲಿಲ್ಲ. ಪದ್ಮಿನಿಯನ್ನು ಅವನ ತಲೆ ಎಂದೂ ಮುಟ್ಟಿಲ್ಲ, ಅವನಿಗೆ ಸಿಕ್ಕ ಕೈಗಳು ಮುಟ್ಟಿವೆ. ಆ ಕೈಗಳಿಗೆ ಗೊತ್ತಿರುವ ಸ್ಪರ್ಶಕ್ಕೆ ತಲೆಯಲ್ಲಿ ಹೆಸರಿಲ್ಲ, ಚಹರೆಯಿಲ್ಲ. ಒಂಬೈನೂರು ವರ್ಷದ ಹಿಂದೆ ವಜಾ ಆದ ಕೇಸಿನಲ್ಲಿ ಮೈ ಮೊದಲ ಬಾರಿಗೆ ಅಪೀಲು ಹಾಕಿದ್ದು ಇಲ್ಲೇ ಅಂತ ನನಗನಿಸುತ್ತದೆ. ಇನ್ನೊಂದು ಗಮನಿಸಿ. ತಲೆಯೇ ಶ್ರೇಷ್ಠ ಎಂದವರು ಯಾರು? ರಾಜ, ಋಷಿ. ಕುಲುಮೆಯ ಮುಂದೆ ಕೂತು ಅನ್ನ ಹುಟ್ಟಿಸುವವನನ್ನು ಯಾರೂ ಕೇಳಲೇ ಇಲ್ಲ.

ಇದೆಲ್ಲ ಕಾಫಿರ್ ಕಿಸ್ಸಾ, ನಮಗೇನು ಸಂಬಂಧ ಅನ್ನುವವರಿದ್ದಾರೆ. ಸ್ವಲ್ಪ ತಾಳಿ. ಸೋಮದೇವ ಕಾಶ್ಮೀರದಲ್ಲಿ ಈ ಕಥೆ ಬರೆಯುವ ಹೊತ್ತಿಗೆ ಇರಾನಿನ ತೂಸ್ ಊರಿನಲ್ಲಿ 1058ರಲ್ಲಿ ಹುಟ್ಟಿದ ಒಬ್ಬ ಹುಡುಗ ಓದುತ್ತಿದ್ದ. ಮುಂದೆ ಇಮಾಂ ಗಝಾಲಿ(ರ) ಎಂದು ಹೆಸರಾದವರು. 1095ರ ಹೊತ್ತಿಗೆ ಬರೆದ 'ತಹಾಫುತುಲ್ ಫಲಾಸಿಫಾ'ದ ಇಪ್ಪತ್ತನೆಯ, ಅಂದರೆ ಕೊನೆಯ ಚರ್ಚೆ ಕಿಯಾಮತ್ತಿನಲ್ಲಿ ದೇಹಗಳು ಏಳುವ ವಿಷಯದ್ದು. ತತ್ವಜ್ಞಾನಿಗಳು ಕೇಳುತ್ತಾರೆ: ಸತ್ತಾಗ ಇದ್ದ ಮೈಯೇ ಏಳುವುದಾದರೆ ಕೈ ಕಡಿದವನು ಕೈಯಿಲ್ಲದೆ ಏಳಬೇಕಾ? ಬರಗಾಲದಲ್ಲಿ ಮನುಷ್ಯನನ್ನು ಮನುಷ್ಯ ತಿಂದರೆ ಆ ಮಾಂಸ ಯಾರ ಮೈಗೆ ಸೇರಬೇಕು?

ಗಝಾಲಿಯವರ ಉತ್ತರ ಸರಳ. ಮನುಷ್ಯ ಮನುಷ್ಯನಾಗಿರುವುದು ಅವನ ನಫ್ಸಿನಿಂದ, ಆತ್ಮದಿಂದ. ಮಗುವಾಗಿದ್ದಾಗ ಇದ್ದ ಮೈ ಮುದುಕನಾದಾಗ ಇಲ್ಲ. ದಪ್ಪಗಾಗುತ್ತಾನೆ, ಸಣ್ಣಗಾಗುತ್ತಾನೆ, ತಿಂದ ಅನ್ನದಿಂದ ಮೈ ಬದಲಾಗುತ್ತಲೇ ಇರುತ್ತದೆ, ಆದರೂ ಅವನು ಅವನೇ. ಆದ್ದರಿಂದ ಅದೇ ಮಣ್ಣಿನಿಂದಾಗಲಿ ಬೇರೆ ಮಣ್ಣಿನಿಂದಾಗಲಿ ಅಲ್ಲಾಹನು ದೇಹ ಕೊಟ್ಟರೆ ಎದ್ದವನು ಅವನೇ. ಇದು ಅವರ ಸ್ವಂತ ನಿಲುವಲ್ಲ, ವಾದಕ್ಕಾಗಿ ಹಿಡಿದದ್ದು ಅನ್ನುವ ವಿದ್ವಾಂಸರೂ ಇದ್ದಾರೆ. ಇರಲಿ. ರಾಜ ತಲೆ ಅಂದ, ಕಪಿಲ ಮೈ ಅಂದ, ಇಮಾಮರು ಇವೆರಡನ್ನೂ ಬಿಟ್ಟು ಲೆಕ್ಕ ಹಾಕಿದರು. ಬೆರಳ ತುದಿಗಳನ್ನೂ ಮತ್ತೆ ಸರಿಯಾಗಿ ಕೂಡಿಸಬಲ್ಲೆವು ಎಂಬ ಮಾತು 75ನೇ ಸೂರಾದಲ್ಲಿದೆಯಲ್ಲ, ಅದನ್ನು ನಂಬುವವರಿಗೆ ಕಡಿದ ಕೈಯ ಚಿಂತೆ ಯಾಕಿರಬೇಕು?

ಈ ಚಿಂತೆ ಇವತ್ತಿಗೂ ಇದೆ ಅನ್ನುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ. 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ಬಂತು. ಮೆದುಳಿನ ಕಾಂಡ ಸತ್ತರೆ ಮನುಷ್ಯ ಸತ್ತ ಎಂದು ಈ ಕಾನೂನು ಒಪ್ಪುತ್ತದೆ, ಹೃದಯ ಬಡಿಯುತ್ತಿದ್ದರೂ ಸರಿ. ಬೇತಾಳನಿಗೆ ರಾಜ ಕೊಟ್ಟ ಉತ್ತರವೇ ಗೆಜೆಟ್ಟಿಗೆ ಬಂದ ಹಾಗೆ. ಕಾರ್ನಾಡರ ನಾಟಕ ನೋಡಿದ ಅದೇ ಚೆನ್ನೈ ಇದನ್ನು ಬೀದಿಯಲ್ಲಿ ಕಂಡದ್ದು 2008ರ ಸೆಪ್ಟೆಂಬರಿನಲ್ಲಿ. ಅಪಘಾತದಲ್ಲಿ ಮೆದುಳು ಸತ್ತ ಹದಿನೈದರ ಹುಡುಗನ ಅಂಗಗಳನ್ನು ಕೊಡಲು ವೈದ್ಯರೇ ಆಗಿದ್ದ ತಂದೆತಾಯಿ ಒಪ್ಪಿದರು. ಪೊಲೀಸರು ರಸ್ತೆ ತೆರವು ಮಾಡಿ ಹೃದಯವನ್ನು ತೇನಾಂಪೇಟೆಯಿಂದ ಮೊಗಪ್ಪೇರಿಗೆ ಹನ್ನೊಂದು ನಿಮಿಷದಲ್ಲಿ ಮುಟ್ಟಿಸಿದರು. ಅಲ್ಲಿ ಕಾಯುತ್ತಿದ್ದವಳು ಬೆಂಗಳೂರಿನ ಒಂಬತ್ತು ವರ್ಷದ ಹುಡುಗಿ. ಹುಡುಗನ ಹೃದಯ ಇಟ್ಟುಕೊಂಡ ಹುಡುಗಿ ಬೇರೆ ಯಾರೋ ಆದಳು ಅಂತ ಯಾರೂ ಅನ್ನಲಿಲ್ಲ ನೋಡಿ. ಹೃದಯ, ದಿಲ್, ಕಲ್ಬ್ ಅಂತ ಶತಮಾನಗಳಿಂದ ಹಾಡಿದ ನಾವೂ ಅನ್ನಲಿಲ್ಲ.

ನಮ್ಮ ಉಲೆಮಾಗಳು ಸುಮ್ಮನೆ ಕೂತಿರಲಿಲ್ಲ. ಇಸ್ಲಾಮಿಕ್ ದೇಶಗಳ ಒಕ್ಕೂಟದ ಫಿಕ್ಹ್ ಅಕಾಡೆಮಿ 1986ರಲ್ಲಿ ಅಮ್ಮಾನಿನಲ್ಲಿ ಮೆದುಳಿನ ಸಾವನ್ನು ಸಾವೆಂದು ಒಪ್ಪಿತು. 1988ರಲ್ಲಿ ಜಿದ್ದಾದಲ್ಲಿ ಅಂಗ ಕಸಿಗೆ ಷರತ್ತುಗಳೊಂದಿಗೆ ಅನುಮತಿ ಕೊಟ್ಟಿತು. ಭಾರತದ ಉಲೆಮಾಗಳೆಲ್ಲ ಇದನ್ನು ಒಪ್ಪಿಲ್ಲ. ಮೈ ನಮ್ಮ ಆಸ್ತಿಯಲ್ಲ, ಅಲ್ಲಾಹನ ಅಮಾನತ್ತು, ದಾನ ಕೊಡಲು ನಾವು ಯಾರು ಎಂಬ ಅವರ ಮಾತು ಹಗುರವಾದದ್ದಲ್ಲ, ಅದಕ್ಕೆ ಉತ್ತರ ಕೊಡಲೇಬೇಕು. ಆದರೆ ಮನೆಗಳಲ್ಲಿ ಕೇಳಿಬರುವ ಮಾತು ಅದಲ್ಲ. ಕಣ್ಣು ಕೊಟ್ಟರೆ ಕಿಯಾಮತ್ತಿನಲ್ಲಿ ಕುರುಡನಾಗಿ ಏಳುತ್ತಾನಾ ಎಂಬುದು. ಅಮಾನತ್ತಿನ ಪ್ರಶ್ನೆಯನ್ನೂ ಈ ಭಯವನ್ನೂ ಒಂದೇ ಮಾಡಬೇಡಿ. ಭಯಕ್ಕೆ ಉತ್ತರ ಒಂಬೈನೂರು ವರ್ಷದ ಹಿಂದೆಯೇ ಸಿಕ್ಕಿದೆ.

ಕಪಿಲನ ಪ್ರಶ್ನೆಗೆ ಮಾತ್ರ ಅಷ್ಟು ಸುಲಭದ ಉತ್ತರವಿಲ್ಲ. ಮೆದುಳಿನ ಸಾವನ್ನು ನಾಲ್ಕು ವೈದ್ಯರ ತಂಡ ಎರಡು ಸಲ ಪರೀಕ್ಷಿಸಬೇಕು, ನಡುವೆ ಕನಿಷ್ಠ ಆರು ಗಂಟೆ ಅಂತರ ಇರಬೇಕು. ಆ ಆರು ಗಂಟೆ ಐಸಿಯು ಹೊರಗೆ ಮನೆಯವರು ಕೂತಿರುತ್ತಾರೆ. ಒಳಗೆ ಯಂತ್ರದ ಉಸಿರಿಗೆ ಎದೆ ಏರಿಳಿಯುತ್ತಿರುತ್ತದೆ. ಡಾಕ್ಟರು ಮೆದುಳಿನ ಬಗ್ಗೆ ಹೇಳುತ್ತಾರೆ. ಅಮ್ಮಿ ಒಳಗೆ ಹೋಗಿ ಮಗನ ಕೈ ಹಿಡಿದು ಹೊರಗೆ ಬಂದು, ಮೈ ಇನ್ನೂ ಬೆಚ್ಚಗಿದೆಯಲ್ಲ ಅನ್ನುತ್ತಾಳೆ.