ಕಿರ್ಲೋಸ್ಕರ್ ನೇಗಿಲ ಕಾರ್ಖಾನೆ

ಬೆಳಗಾವಿಯಲ್ಲಿ ಹುಟ್ಟಿ, 1910ರಲ್ಲಿ ಈಗಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿಗೆ ನೆಲೆ ಬದಲಿಸಿದ ಕೃಷಿ ಸಲಕರಣೆಗಳ ಕಾರ್ಖಾನೆ. ಸ್ವದೇಶದಲ್ಲೇ ತಯಾರಾದ ಕಬ್ಬಿಣದ ನೇಗಿಲನ್ನು ದಖ್ಖನಿನ ರೈತರ ಹೊಲಕ್ಕೆ ತಲುಪಿಸಿದ ಹಿರಿಮೆ ಇದರದು. ಸ್ಥಾಪಕ ಲಕ್ಷ್ಮಣರಾವ್ ಕಿರ್ಲೋಸ್ಕರ್ (1869–1956) ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು.

    

ಕಬ್ಬಿಣದ ನೇಗಿಲು ಬರುವ ಮುನ್ನ ಮರಾಠವಾಡದ ಶಿರೂರ ಅನಂತಪಾಳ, ನಿಲಂಗಾ, ಉದಗೀರದಂಥ ಎರೆಭೂಮಿಯ ಊರುಗಳಲ್ಲಿ ಸಲಕರಣೆಯ ಹೊಣೆ ಆಯಗಾರರದಾಗಿತ್ತು. ಬಡಿಗ ಮರದ ನೇಗಿಲು ಕೆತ್ತುತ್ತಿದ್ದ, ಕಮ್ಮಾರ ಕುಳ ಬಡಿಯುತ್ತಿದ್ದ. ಸುಗ್ಗಿಯಲ್ಲಿ ಇಬ್ಬರಿಗೂ ಕಾಳಿನ ಪಾಲು ಸಲ್ಲುತ್ತಿತ್ತು. ಮರದ ನೇಗಿಲು ನೆಲವನ್ನು ಸೀಳುತ್ತದೆ, ಮಣ್ಣನ್ನು ಮಗುಚುವುದಿಲ್ಲ. ಆಳಕ್ಕೆ ಬೇರಿಳಿಸಿದ ಕಳೆಯನ್ನು ಬುಡಮೇಲು ಮಾಡಲು ಬಾಗಿದ ರೆಕ್ಕೆಯ ಕಬ್ಬಿಣದ ನೇಗಿಲೇ ಬೇಕಿತ್ತು.

ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಬೋಧಕರಾಗಿದ್ದ ಲಕ್ಷ್ಮಣರಾವ್ ಬಡ್ತಿ ತಪ್ಪಿದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಅಣ್ಣ ರಾಮುಅಣ್ಣರೊಂದಿಗೆ ಸೈಕಲ್ ಅಂಗಡಿ ನಡೆಸುತ್ತಲೇ ಮೇವು ಕತ್ತರಿಸುವ ಯಂತ್ರ ತಯಾರಿಸಿದರು. 1903ರಲ್ಲಿ ನೇಗಿಲು ಬಂತು.

ಕೊಳ್ಳುವವರೇ ಇರಲಿಲ್ಲ. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆ ರೈತರಲ್ಲಿ ಬಲವಾಗಿತ್ತು. ಮೊದಲ ಕೆಲವೇ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಊರಿನ ವಿಸ್ತರಣೆಗಾಗಿ ಕಾರ್ಖಾನೆಯ ಜಾಗ ತೆರವು ಮಾಡಬೇಕಾಯಿತು. ಆಗ ನೆರವಾದವರು ಔಂಧ್ ಸಂಸ್ಥಾನದ ದೊರೆ ಬಾಳಾಸಾಹೇಬ್ ಪಂತ್ ಪ್ರತಿನಿಧಿ. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿಯ 32 ಎಕರೆಯ ಜೊತೆಗೆ ಸಾಲವನ್ನೂ ಕೊಟ್ಟರು.

ಪಾಪಸುಕಳ್ಳಿ ಬೆಳೆದಿದ್ದ ಆ ಬರಡಿನಲ್ಲಿ ಕಾರ್ಖಾನೆಯ ಜೊತೆಗೇ ಕೆಲಸಗಾರರ ಊರೂ ಎದ್ದಿತು. ಭಾರತದ ಮೊದಮೊದಲ ಕೈಗಾರಿಕಾ ವಸಾಹತುಗಳಲ್ಲಿ ಅದೂ ಒಂದು. ನೇಗಿಲ ಬೆನ್ನಿಗೆ ಶೇಂಗಾ ಸುಲಿಯುವ ಯಂತ್ರ, ಕಬ್ಬಿನ ಗಾಣ ಬಂದವು. 1920ರ ದಶಕದಲ್ಲಿ ನೀರೆತ್ತುವ ಪಂಪುಗಳ ತಯಾರಿಕೆಯೂ ಆರಂಭವಾಯಿತು. ಮುಂದೆ ಬಾವಿ ನೀರಾವರಿ ಹಬ್ಬಿದಂತೆ ಕಿರ್ಲೋಸ್ಕರ್ ಹೆಸರು ನೇಗಿಲಿಗಿಂತ ಹೆಚ್ಚಾಗಿ ಪಂಪಿನ ಮೂಲಕವೇ ರೈತರಿಗೆ ಪರಿಚಿತವಾಯಿತು. ಲಕ್ಷ್ಮಣರಾವ್ ಜನ್ಮಶತಾಬ್ದಿಯ ವರ್ಷ 1969ರಲ್ಲಿ ಅಂಚೆ ಇಲಾಖೆ ಅವರ ಸ್ಮರಣೆಗೆ ಅಂಚೆಚೀಟಿ ಹೊರಡಿಸಿತು.